ತೋಟದ ಮೇಲಿನ ಗುಡ್ಡ ಜಾರುತ್ತಿದೆಯಾ? ಉಪಗ್ರಹದ ನಕ್ಷೆ ನಂಬಬಹುದಾ?

ಸೊಪ್ಪಿನಬೆಟ್ಟ:
ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಹೋದ ಮಳೆಗಾಲ ಬಿರುಕು ಬಿಟ್ಟಿತು. ಆಗ ಬೆರಳು ಹೋಗುತ್ತಿತ್ತು, ಈಗ ಇಡೀ ಅಂಗೈ ಇಳಿಯುತ್ತದೆ. ಕೆಳಗೆ ರಸ್ತೆಗೆಂದು ಜೆಸಿಬಿಯಲ್ಲಿ ದರೆ ಕಡಿದಿದ್ದೂ ಅದೇ ವರ್ಷ. ತಂಗಿಯ ಮಗ ಬೆಂಗಳೂರಿಂದ ಸೆಂಟಿನೆಲ್-1 ಉಪಗ್ರಹದ ರಾಡಾರ್ ನಕ್ಷೆ ಮಾಡಿ ಕಳಿಸಿದ್ದಾನೆ. ನಮ್ಮ ಗುಡ್ಡದ ಮೇಲೆ ಹೋಳಿ ಆಡಿದ ಹಾಗಿದೆ! "ಮಾವ, ಏನೂ ಜಾರಿದ್ದು ಕಾಣುವುದಿಲ್ಲ, ಆರಾಮಾಗಿರಿ" ಅಂತಾನೆ. ಇರಬಹುದಾ?

ರಾಡಾರ್ ಮಾಣಿ:
ಆರಾಮಾಗಿರಬೇಡಿ ಮಾರಾಯ್ರೇ. ನಾನು ಇದೇ ಕೆಲಸದವನು. ಉಪಗ್ರಹ ಅದೇ ಜಾಗವನ್ನು 12 ದಿನ ಬಿಟ್ಟು ಮತ್ತೆ ನೋಡುತ್ತದೆ. ಎರಡು ಸಲ ವಾಪಸ್ ಬಂದ ಅಲೆಗಳನ್ನು ತಾಳೆ ಹಾಕುತ್ತೇವೆ. ಅಲೆಯ ಉದ್ದ ಸುಮಾರು 5.6 ಸೆಂ.ಮೀ. ನೆಲ ಉಪಗ್ರಹದ ಕಡೆಗೋ ಆಚೆಗೋ 2.8 ಸೆಂ.ಮೀ. ಸರಿದರೆ ನಕ್ಷೆಯಲ್ಲಿ ಬಣ್ಣ ಒಂದು ಸುತ್ತು ಬರುತ್ತದೆ. ಬೋಳು ಬಂಡೆ, ತಾರಸಿ ಮನೆ ಆದರೆ ಚೆನ್ನಾಗಿ ಸಿಗುತ್ತದೆ. ಮಲೆನಾಡಲ್ಲಿ ಈ ಗಿಡ್ಡ ಅಲೆ ಎಲೆ, ರೆಂಬೆಗೇ ಬಡಿದು ವಾಪಸ್. ಗಾಳಿಗೆ ಎಲೆ ಅಲುಗಿದರೆ ಲೆಕ್ಕ ಕೆಟ್ಟಿತು. ನಿಮ್ಮ ಹೋಳಿ ಅದೇ. ಗುಡ್ಡ ಜಾರಿಲ್ಲ ಅಂತಲ್ಲ, ರಾಡಾರಿಗೆ ಗುಡ್ಡವೇ ಸಿಕ್ಕಿಲ್ಲ.
2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ರಾಡಾರ್ ಉಪಗ್ರಹ ನಿಸಾರ್‌ನ ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂ.ಮೀ. ಉದ್ದ. ಅದು ಮರದ ಸಂದಿಯಲ್ಲಿ ಜಾಸ್ತಿ ಇಳಿಯುತ್ತದೆ. ಅಂದ ಹಾಗೆ, ನಿಮ್ಮ ಇಳಿಜಾರು ಯಾವ ದಿಕ್ಕಿಗೆ?

ಸೊಪ್ಪಿನಬೆಟ್ಟ:
ಬಡಗಣಕ್ಕೆ.

ರಾಡಾರ್ ಮಾಣಿ:
ಛೇ. ಇವು ಹೆಚ್ಚುಕಮ್ಮಿ ಉತ್ತರ-ದಕ್ಷಿಣ ಓಡುತ್ತಾ ಪಕ್ಕಕ್ಕೆ ನೋಡುವ ಉಪಗ್ರಹಗಳು. ಬಡಗಣಕ್ಕೆ ಸರಿದಿದ್ದು ಇವುಗಳ ಕಣ್ಣಿಗೆ ಬೀಳುವುದೇ ಕಮ್ಮಿ. ನೆಲ ಕೆಳಗೆ ಕುಸಿದಷ್ಟು ಮಾತ್ರ ಕಂಡೀತು.

ಹೊಸನಗರದಕ್ಕ:
ತಮ್ಮಾ, ನಮ್ಮಲ್ಲಿ ಬಿರುಕಿನ ಆಚೆ ಒಂದು, ಈಚೆ ಒಂದು ಕಬ್ಬಿಣದ ಸರಳು ಹೊಡೆದಿದ್ದೆವು. ಭಾನುವಾರ ಭಾನುವಾರ ಟೇಪು ಹಿಡಿದು ಕ್ಯಾಲೆಂಡರಲ್ಲಿ ಬರೆಯುವುದು. ಎರಡು ತಿಂಗಳು ಏನಿಲ್ಲ, ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು. ಆಷಾಢದ ಒಂದೇ ವಾರದಲ್ಲಿ 4 ಸೆಂ.ಮೀ. ಬಾಯಿಬಿಟ್ಟಿತು. ಅವತ್ತೇ ದನಕರು ಹೊಡೆದುಕೊಂಡು ತವರಿಗೆ ಹೋದೆವು. ಮೂರನೇ ದಿನ ಕೊಟ್ಟಿಗೆ ಇರಲಿಲ್ಲ. ಬಿರುಕಿನೊಳಗೆ ನೀರು ಇಳಿಯಲು ಬಿಡಬೇಡ. ಮೇಲೇ ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸು.

ರಾಡಾರ್ ಮಾಣಿ:
ಅಕ್ಕ ಹೇಳಿದ್ದೇ ಸರಿ. ಮಳೆ ಜೋರಾದರೆ ದಿನಾ ಅಳೆಯಿರಿ. ಉಪಗ್ರಹ ಮತ್ತೆ ಬರುವಷ್ಟರಲ್ಲಿ ಗುಡ್ಡ ಕೆಳಗೆ ಬಂದಿರಬಹುದು.

ಸೊಪ್ಪಿನಬೆಟ್ಟ:
ಸರಳು ಹೊಡೆದಾಯ್ತು. ಇವತ್ತಿನ ಅಳತೆ 112 ಸೆಂ.ಮೀ. ಅಳಿಯನಿಗೂ ಕಳಿಸಿದ್ದೇನೆ.