ಅಜ್ಜಿಯ ತಂಬೂರಿಗೆ ನಿದ್ದೆ, ಮೊಬೈಲ್ ತಂಬೂರಿಗೆ ತಲೆನೋವು: ಯಾಕೆ?

ಪ್ರಶ್ನೆ: ಸರ್, ನನ್ನ ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ಅವಳ 'ಸ'. ಬೆಳಿಗ್ಗೆ ಅಡುಗೆಮನೆ ಪಕ್ಕದಲ್ಲೇ ಕೂತು ಮೊಬೈಲ್ ಆಪ್‌ನಲ್ಲಿ ತಂಬೂರಿ ಹಾಕಿಕೊಂಡು ಸಾಧನೆ ಮಾಡುತ್ತಾಳೆ. ಮಿಕ್ಸಿ, ಕುಕ್ಕರ್ ಸದ್ದು ಮೀರಲಿ ಅಂತ ವಾಲ್ಯೂಮ್ ಪೂರ್ತಿ ಏರಿಸಿರುತ್ತಾಳೆ. ಅರ್ಧ ಗಂಟೆಯಲ್ಲಿ ನನಗೆ ತಲೆ ಸಿಡಿಯುತ್ತದೆ, ಅವಳಿಗೂ ಕಿರಿಕಿರಿ. ಚಿಕ್ಕವಳಿದ್ದಾಗ ಅಜ್ಜಿ ತಂಬೂರಿ ಮೀಟುತ್ತಿದ್ದರೆ ನಾನು ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದೆ. ಎರಡರಲ್ಲೂ ಇರುವುದು ಅದೇ ಸ-ಪ ಅಲ್ವಾ?

ಉತ್ತರ (ತಂತಿವಾದ್ಯ ರಿಪೇರಿ ಮಾಡುವವನು): ಮೇಡಂ, ಸ್ವರ ಅದೇ, ನಾದ ಬೇರೆ.

ಐದು ಮನೆ ಶ್ರುತಿಯ ಷಡ್ಜ, ಅಂದರೆ 'ಸ', ಸುಮಾರು 196 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಅದುರುತ್ತದೆ). ಮಂದ್ರದ, ಅಂದರೆ ಕೆಳಗಿನ 'ಸ'ದ ತಂತಿ ಅದರ ಅರ್ಧ, 98. ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಆ 98 ಹೊರಡಿಸುವ ಶಕ್ತಿ ಇಲ್ಲ. ಅದೇ ತಂತಿಯಿಂದ ಹೊರಡುವ ಮೇಲಿನ ಸ್ವರಗಳನ್ನು ಕೇಳಿಯೇ ನಮ್ಮ ಮಿದುಳು ಕೆಳಗಿನದ್ದನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಮಂದ್ರ ಇದ್ದ ಹಾಗೆ ಅನಿಸುತ್ತದೆ, ಆದರೆ ಅದರ ತುಂಬು ಇರುವುದಿಲ್ಲ. ನೀವು ವಾಲ್ಯೂಮ್ ಏರಿಸಿದಾಗ ಜೋರಾಗುವುದು ಚೂಪು ಭಾಗ ಮಾತ್ರ. 2000ದಿಂದ 4000 ಹರ್ಟ್ಸ್ ಆಸುಪಾಸಿನ ಸದ್ದಿಗೆ ನಮ್ಮ ಕಿವಿ ಬಹಳ ಸೂಕ್ಷ್ಮ. ಮಗುವಿನ ಅಳು ಅಷ್ಟು ಚುಚ್ಚುವುದೂ ಅದಕ್ಕೇ. ನಿಮ್ಮ ತಲೆನೋವಿಗೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಇನ್ನು ಅಜ್ಜಿಯ ತಂಬೂರಿ. ಅದರ ಕುದುರೆ, ಅಂದರೆ ತಂತಿಗಳು ಕೂರುವ ಪಟ್ಟಿ, ಅಗಲವಾಗಿರುತ್ತದೆ, ಮೇಲ್ಭಾಗ ಸ್ವಲ್ಪ ಇಳಿಜಾರು. ತಂತಿ ಅಲ್ಲಾಡುವಾಗ ಆ ಇಳಿಜಾರನ್ನು ಸವರಿಕೊಂಡು ಹೋಗುತ್ತದೆ. ತಂತಿಯ ಕೆಳಗೆ ಒಂದು ಹತ್ತಿ ದಾರ ಸಿಕ್ಕಿಸುತ್ತೇವಲ್ಲ, ಅದೇ ಜೀವಾ. ದಾರ ಸರಿಯಾದ ಕಡೆ ಇಲ್ಲದಿದ್ದರೆ ತಂತಿ 'ಟಂಯ್' ಅಂತ ಸತ್ತುಹೋಗುತ್ತದೆ. ಉಗುರಿನಲ್ಲಿ ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟಿ. ಒಂದು ಕ್ಷಣದಲ್ಲಿ 'ಝೇಂ' ಅಂತ ಅರಳುತ್ತದೆ. ಇಷ್ಟು ವರ್ಷ ಮಾಡಿದರೂ ಆ ಕ್ಷಣಕ್ಕೆ ನನ್ನ ಕೈ ಒಮ್ಮೆ ನಿಲ್ಲುತ್ತದೆ.

ಅರಳುವುದು ಅಂದರೆ ಏನು? ಒಂದು ತಂತಿಯಲ್ಲಿ ಒಂದೇ ಸ್ವರ ಇರುವುದಿಲ್ಲ. 98ರ ಜೊತೆಗೆ ಅದರ ಮೂರರಷ್ಟು 294 ಇರುತ್ತದೆ, ಅದು ಪಂಚಮ, ನೀವು ಹೇಳಿದ 'ಪ'. ಐದರಷ್ಟು 490, ಅದು 'ಗ' ಸ್ವರದ ಒಂದು ಬಗೆ, ಹೆಸರು ಅಂತರ ಗಾಂಧಾರ. ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ. ಅದಕ್ಕೇ ಅದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಸಾಧಾರಣ ತಂತಿಯನ್ನು ನಟ್ಟನಡುವೆ ಮೀಟಿದರೆ ಇಂಥ ಮೇಲ್ಸ್ವರಗಳಲ್ಲಿ ಕೆಲವು ಹುಟ್ಟಲೇಬಾರದು. ತಂಬೂರಿ, ವೀಣೆಯಲ್ಲಿ ಅವೂ ಕೇಳುತ್ತವೆ, ಕಾರಣ ಕುದುರೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಈ ಮೇಲ್ಸ್ವರಗಳು ಒಂದಾದ ಮೇಲೊಂದು ಎದ್ದು, ಮೆಲ್ಲಗೆ ಅಡಗುತ್ತವೆ. ಕೈಯಲ್ಲಿ ಮೀಟುವಾಗ ಪ್ರತಿ ಸಲವೂ ಚೂರು ಬೇರೆ. ಎಷ್ಟೋ ಆಪ್‌ಗಳಲ್ಲಿ ಅದೇ ತುಣುಕು ಸುತ್ತಿ ಸುತ್ತಿ ಬರುತ್ತದೆ, ಕಿವಿ ಬೇಗ ಬೇಸರಪಡುತ್ತದೆ. ಜೊತೆಗೆ ನೀವು ಅಜ್ಜಿಯ ಪಕ್ಕದಲ್ಲೇ ಮಲಗಿದ್ದಿರಿ. ತಂಬೂರಿಯ ಬುಡದ ದುಂಡು ಕೊಡದ ಅದುರು ಮೈಗೂ ತಾಗಿರಬೇಕು.

ಸದ್ಯಕ್ಕೆ ಆಪನ್ನೇ ಒಂದು ದೊಡ್ಡ ಸ್ಪೀಕರ್‌ಗೆ ಹಾಕಿ, ಮರದ ಮೇಜಿನ ಮೇಲಿಟ್ಟು, ಅವಳ ದನಿಗಿಂತ ಕಡಿಮೆ ಇಡಿ. ಸಾಧನೆಯನ್ನು ಮಿಕ್ಸಿಯಿಂದ ದೂರದ ಕೋಣೆಗೆ ಸಾಗಿಸಿ.

ಗುಂಪಿನ ಇನ್ನೊಬ್ಬ ಸದಸ್ಯರು: ಇಂಥ ರಾಗ ಕೇಳಿದರೆ ಬಿಪಿ ಇಳಿಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ನಿಜಾನಾ ಸರ್?

ಉತ್ತರ: ನಿಧಾನದ, ಮೆದು ಸಂಗೀತಕ್ಕೆ ಉಸಿರು ಹದಕ್ಕೆ ಬರುತ್ತದೆ, ಮನಸ್ಸು ಹಗುರಾಗುತ್ತದೆ. ತಟ್ಟನೆ ಜೋರು ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಇಷ್ಟು ನಿಜ. ಆದರೆ ಇಂಥ ಕಾಯಿಲೆಗೆ ಇಂಥ ರಾಗ ಅಂತ ನಂಬಿ ದಯವಿಟ್ಟು ಮಾತ್ರೆ ಬಿಡಬೇಡಿ.

ಮೊದಲು ಕೇಳಿದವರು: ಸರ್, ಅಜ್ಜಿಯ ತಂಬೂರಿ ಅಟ್ಟದ ಮೇಲೆ ಈಗಲೂ ಇದೆ! ತಂತಿ ತುಕ್ಕು ಹಿಡಿದಿದೆ. ಶ್ರುತಿ ಮಾಡಿ ನೋಡಲಾ?

ಉತ್ತರ: ಈಗಲೇ ಬೇಡ ಮೇಡಂ. ತುಕ್ಕು ತಂತಿಯನ್ನು ಬಿಗಿ ಮಾಡಿದರೆ ಕಿತ್ತು ಮುಖಕ್ಕೆ ಬಡಿಯುತ್ತದೆ. ತಂತಿ ಬಿಗಿಯುವ ಬಿರಡೆಗಳನ್ನು ಸ್ವಲ್ಪ ಸಡಿಲ ಮಾಡಿ, ಒಣಬಟ್ಟೆಯಲ್ಲಿ ಒರೆಸಿಡಿ. ನೀರು ಮುಟ್ಟಿಸಬೇಡಿ. ಕೊಡದಲ್ಲಿ ಬಿರುಕಿದೆಯಾ ಅಂತ ಬೆರಳಾಡಿಸಿ ನೋಡಿ. ಆಮೇಲೆ ಕುದುರೆಯನ್ನು ಪಕ್ಕದಿಂದ ಒಂದು ಫೋಟೊ ತೆಗೆದು ಇಲ್ಲಿ ಹಾಕಿ. ತಂತಿ ಕೂತ ಕಡೆ ಗೀರು ಎಷ್ಟು ಆಳ ಬಿದ್ದಿದೆ ಅಂತ ನೋಡಿ ಹೇಳುತ್ತೇನೆ.