ಸ್ಲ್ಯಾಬಿನ ಒಳಗಿನ ಥರ್ಮೋಕೋಲ್ ಬ್ಲಾಕಿಗೆ ಯಾವ ಪದ ಸರಿ?

ಗೆಳೆಯರೆ,

ಕಟ್ಟಡ ಕೆಲಸದವರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮಹಡಿಯ ನೆಲಕ್ಕೆ ಕಾಂಕ್ರೀಟ್ ಹಾಕುವಾಗ ಒಳಗೆ ಪಾಲಿಸ್ಟೈರೀನ್ (ನಾವು ಥರ್ಮೋಕೋಲ್ ಎನ್ನುವ ವಸ್ತು) ಬ್ಲಾಕುಗಳನ್ನು ಕೂರಿಸಿ ತೂಕ ಇಳಿಸುವ ವಿಧಾನದ ಅಧ್ಯಾಯದಲ್ಲಿ ಕೆಲವು ಪದಗಳು ತೊಡಕಾಗಿವೆ. ಕಟ್ಟಡದ ಕೆಲಸ ಬಲ್ಲವರೂ ಹಳೆಯ ಪದ ಬಲ್ಲವರೂ ಇಲ್ಲಿದ್ದೀರಿ, ನೆರವಾಗಬೇಕು.

ಮೊದಲು ವಿಷಯ. ಎರಡು ಆಧಾರಗಳ ನಡುವೆ ಸ್ಲ್ಯಾಬ್ ಬಾಗಿದಾಗ ಅದರ ಮೇಲ್ಭಾಗ ಒತ್ತಿಸಿಕೊಳ್ಳುತ್ತದೆ, ಕೆಳಭಾಗ ಎಳೆಸಿಕೊಳ್ಳುತ್ತದೆ. ಎಳೆತವನ್ನು ತಡೆಯುವುದು ಕಂಬಿ. ಅಲ್ಲಿರುವ ಕಾಂಕ್ರೀಟ್ ಕಂಬಿಯನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಬೇಕೇ ಹೊರತು ಎಳೆತಕ್ಕೆ ಹೆಚ್ಚು ಬಲ ಕೊಡುವುದಿಲ್ಲ. ಹಾಗಾಗಿ ಕಂಬಿ ಇರುವ ಕಡೆ ಪಟ್ಟಿಗಳಂತೆ ಕಾಂಕ್ರೀಟ್ ಉಳಿಸಿ, ಪಟ್ಟಿಗಳ ನಡುವೆ ಬ್ಲಾಕ್ ಇಟ್ಟು, ಮೇಲೆ ಒಂದು ತೆಳುವಾದ ಕಾಂಕ್ರೀಟ್ ಪದರ ಹಾಕುತ್ತಾರೆ. ಒಂದು ಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಬ್ಲಾಕಿನ ಜಾಗದಲ್ಲಿ ಕಾಂಕ್ರೀಟ್ ಇದ್ದಿದ್ದರೆ ಸುಮಾರು 240 ಕಿಲೋ ತೂಗುತ್ತಿತ್ತು. ಘನಮೀಟರಿಗೆ 15 ಕಿಲೋ ಸಾಂದ್ರತೆಯ ಬ್ಲಾಕ್ ತೂಗುವುದು ಒಂದೂವರೆ ಕಿಲೋ. ಸ್ಲ್ಯಾಬಿನ ಭಾರ ಇಳಿದರೆ ಬೀಮು, ಕಂಬ, ಅಡಿಪಾಯ ಎಲ್ಲದರ ಮೇಲಿನ ಹೊರೆಯೂ ಇಳಿಯುತ್ತದೆ.

ಇಲ್ಲಿ ಬ್ಲಾಕ್ ಭಾರ ಹೊರುವುದಿಲ್ಲ. ಅದು ಜಾಗ ಹಿಡಿದು ಕೂತಿರುವ ಅಚ್ಚು, ಅಷ್ಟೆ. ನಾವು ಆರಿಸುವ ಪದ ಇದನ್ನು ಮರೆಸಬಾರದು ಎಂಬುದು ನನ್ನ ಮುಖ್ಯ ಆಗ್ರಹ. 'ಥರ್ಮೋಕೋಲ್ ಸ್ಲ್ಯಾಬ್' ಎಂದರೆ ನೆಲವೇ ಥರ್ಮೋಕೋಲಿನದು ಎಂದು ಮನೆ ಕಟ್ಟಿಸುವವರು ಬೆಚ್ಚುತ್ತಾರೆ. 'ಹಗುರ ಕಾಂಕ್ರೀಟ್' ಬೇರೆಯೇ ವಸ್ತು, ಅಲ್ಲಿ ಕಾಂಕ್ರೀಟಿನ ಮಿಶ್ರಣವೇ ಹಗುರ. 'ಇಟ್ಟಿಗೆ' ಎಂದರೆ ಭಾರ ಹೊರುವ ಭಾವನೆ ಬರುತ್ತದೆ. 'ಗಟ್ಟಿ' ಎಂಬ ಪದ ಬ್ಲಾಕ್ ಎಂಬ ಅರ್ಥ ಕೊಟ್ಟರೂ ಬಲವನ್ನೂ ಸೂಚಿಸಿಬಿಡುತ್ತದೆ.

ನನಗೆ ಹಿಡಿಸಿರುವುದು 'ಬೆಂಡು'. ಒಳಗೆ ಗಾಳಿ ತುಂಬಿದ, ಹಗುರವಾದ, ನೀರಿನಲ್ಲಿ ತೇಲುವ ತಿರುಳಿಗೆ ನಮ್ಮಲ್ಲಿ ಇರುವ ಪದವೇ ಇದು. ಪಾಲಿಸ್ಟೈರೀನ್ ಬ್ಲಾಕಿನಲ್ಲೂ ಸುಮಾರು ಶೇ. 98 ಭಾಗ ಗಾಳಿ. ತೇಲುವ ಗುಣ ಇಲ್ಲಿ ಬರೀ ಅಲಂಕಾರವಲ್ಲ: ಹಸಿ ಕಾಂಕ್ರೀಟ್ ಬ್ಲಾಕಿನ ಅಡಿಗೆ ನುಗ್ಗಿದರೆ ಬ್ಲಾಕ್ ಮೇಲಕ್ಕೆದ್ದು ಕಂಬಿಯನ್ನೂ ಎತ್ತಿಬಿಡುತ್ತದೆ. ಅದಕ್ಕೇ ಕಟ್ಟಿ ಕೆಳಕ್ಕೆ ಹಿಡಿಸಬೇಕು. ಹೆಸರಿನಲ್ಲೇ ಎಚ್ಚರಿಕೆ ಇದ್ದರೆ ಒಳ್ಳೆಯದಲ್ಲವೆ? ಪಟ್ಟಿಗಳ ನಡುವಿನ ಎಡೆಯಲ್ಲಿ ಕೂರುವುದರಿಂದ 'ಎಡೆಬೆಂಡು' ಎನ್ನಬಹುದೇ? ಬಾಯಿಗೆ ಸಲೀಸಾಗಿ ಬರುತ್ತದೆ. ಆದರೆ ಬೆಂಡು ಎಂದರೆ ಇಂದಿನ ಓದುಗರಿಗೆ ಏನು ಹೊಳೆಯುತ್ತದೆ ಎಂದು ತಿಳಿಯಬೇಕಾಗಿದೆ.

ಆ ಕಾಂಕ್ರೀಟ್ ಪಟ್ಟಿಗಳಿಗೆ ಇಂಗ್ಲಿಷಿನ 'ರಿಬ್' ನೋಡಿ 'ಪಕ್ಕೆಲುಬು' ಎಂದು ಬರೆದವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ತೊಲೆಯ ಮೇಲೆ ಸಾಲಾಗಿ ಹಾಕುವ ಸಣ್ಣ ಮರಕ್ಕೆ 'ಜಂತೆ' ಎಂಬ ಪದವಿದೆ. ಇಲ್ಲಿ ಪಟ್ಟಿಗಳು ಮಾಡುವುದೂ ಅದೇ ಕೆಲಸ. 'ಕಾಂಕ್ರೀಟ್ ಜಂತೆ' ಎಂದರೆ ಸಾಕು. ಕಾಂಕ್ರೀಟ್ ಗಟ್ಟಿಯಾದ ಮೇಲೂ ತೆಗೆಯದ ಅಚ್ಚಿಗೆ ಇಂಗ್ಲಿಷಿನ 'ಲಾಸ್ಟ್ ಫಾರ್ಮ್‌ವರ್ಕ್' ನೋಡಿ 'ಕಳೆದುಹೋದ ಅಚ್ಚು' ಎನ್ನುವುದು ಅನರ್ಥ, 'ಉಳಿಯಚ್ಚು' ಎಂದುಕೊಂಡಿದ್ದೇನೆ.

ವಸ್ತುವಿನ ಹೆಸರಿನಲ್ಲಿ 'ವಿಸ್ತರಿತ ಪಾಲಿಸ್ಟೈರೀನ್' ಬೇಡ. ಪೆಂಟೇನ್ ಎಂಬ, ಬಿಸಿಗೆ ಬೇಗ ಆವಿಯಾಗುವ ದ್ರವ ಸೇರಿಸಿದ ಸಣ್ಣ ಮಣಿಗಳಿಗೆ ಹಬೆ ಕೊಟ್ಟಾಗ ಅವು ಉಬ್ಬುತ್ತವೆ, ಆಮೇಲೆ ಅಚ್ಚಿನಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. 'ಉಬ್ಬುಮಣಿ ಪಾಲಿಸ್ಟೈರೀನ್' ಎಂದರೆ, ಅದೇ ರಾಳವನ್ನು ಕರಗಿಸಿ ಹಲಗೆಯಾಗಿ ಹೊರದೂಡುವ ಎಕ್ಸ್‌ಟ್ರೂಡೆಡ್ ಬಗೆಯಿಂದ ಬೇರೆಯೆಂಬುದೂ ತಿಳಿಯುತ್ತದೆ.

ಇನ್ನೊಂದರಲ್ಲಿ ಮಾತ್ರ ರಾಜಿ ಬೇಡ ಎನ್ನಿಸುತ್ತದೆ. ಬೇಗ ಹೊತ್ತಿಕೊಳ್ಳದಂತೆ ರಾಸಾಯನಿಕ ಸೇರಿಸಿದ ಬ್ಲಾಕುಗಳಿಗೆ 'ಅಗ್ನಿನಿರೋಧಕ' ಎಂದು ಬರೆಯುವುದು ರೂಢಿಯಾಗುತ್ತಿದೆ. ಓದಿದವರು ಬೆಂಕಿಗೆ ಜಗ್ಗದ ವಸ್ತು ಎಂದು ನಂಬುತ್ತಾರೆ. ಆ ರಾಸಾಯನಿಕ ಉರಿ ಹರಡುವುದನ್ನು ನಿಧಾನ ಮಾಡುತ್ತದೆ, ಅಷ್ಟೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಪಾಲಿಸ್ಟೈರೀನ್ ಮೆತ್ತಗಾಗಿ ಕುಗ್ಗತೊಡಗುತ್ತದೆ. ಆದ್ದರಿಂದ ಕೆಳಗಿನಿಂದ ಜಾಲರಿ ಹಿಡಿಸಿ ಗಾರೆ ಮಾಡುವುದೋ ಬೆಂಕಿ ತಾಳುವ ಹಲಗೆ ಹಾಕುವುದೋ ಬೇಕೇ ಬೇಕು. ಇದಕ್ಕೆ 'ಉರಿತಗ್ಗಿಸುವ' ಎಂದು ಬರೆದಿದ್ದೇನೆ, 'ಉರಿನಿಧಾನಕ' ಎಂಬ ಸಲಹೆಯೂ ಬಂದಿದೆ. ಇವೆರಡರಲ್ಲಿ ಯಾವುದು ತಪ್ಪು ಭರವಸೆ ಕೊಡುವುದಿಲ್ಲ? ಇದಕ್ಕಿಂತ ನೇರವಾದ ಪದ ಯಾರಿಗಾದರೂ ಹೊಳೆದರೆ, ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.