ಸಿಆರ್‌ಎಂ ಆ್ಯಪ್: ನನ್ನ ಫೋನಿನಲ್ಲಿ ತೆರೆಯುತ್ತದೆ, ಟೆಕ್ನಿಷಿಯನ್‌ಗಳ ಫೋನಿನಲ್ಲಿ ತೆರೆಯುವುದಿಲ್ಲ

ಕಾವೇರಿ_ಕೊಡ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಅಣ್ಣನದು ನೀರಿನ ಫಿಲ್ಟರ್ ಸರ್ವಿಸ್ ಮಾಡುವ ಅಂಗಡಿ, ಕಚೇರಿಯ ಕೆಲಸ ನನ್ನದು. ಹೊರಗೆ ಓಡಾಡುವ ಟೆಕ್ನಿಷಿಯನ್‌ಗಳು ಎಂಟು ಜನ, ಕೆಂಗೇರಿಯಿಂದ ಯಲಹಂಕದವರೆಗೆ ಸುತ್ತುತ್ತಾರೆ. ಇಷ್ಟು ದಿನ ಬೆಳಿಗ್ಗೆ ಕಾಲ್‌ಗಳನ್ನು, ಅಂದರೆ ಯಾರ ಮನೆಗೆ ಸರ್ವಿಸ್‌ಗೆ ಹೋಗಬೇಕು ಎಂಬುದನ್ನು, ಹಾಳೆಯಲ್ಲಿ ಬರೆದು, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆ. ಯಾರ ಮನೆಯ ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಯಾವಾಗ ಮುಗಿಯುತ್ತದೆ ಎಂದು ಆ ಗುಂಪಿನಲ್ಲಿ ಹುಡುಕಿ ಹುಡುಕಿ ಸಾಕಾಗಿ, ಕಳೆದ ತಿಂಗಳು ಬಾಡಿಗೆ ಸರ್ವರ್ ಒಂದರಲ್ಲಿ ಸಿಆರ್‌ಎಂ, ಅಂದರೆ ಗ್ರಾಹಕರ ಮಾಹಿತಿ ಮತ್ತು ಕಾಲ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ, ಹಾಕಿಸಿದೆವು.

ಕಂಪ್ಯೂಟರ್‌ನಲ್ಲಿ ಎಲ್ಲವೂ ಸರಿ ಇದೆ. ಮೊಬೈಲ್ ಆ್ಯಪ್‌ನಲ್ಲಿ ಸರ್ವರ್ ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟರೆ ನನ್ನ ಐಫೋನ್ ಒಳಗೆ ಬಿಡುತ್ತದೆ. ಟೆಕ್ನಿಷಿಯನ್‌ಗಳ ಆಂಡ್ರಾಯ್ಡ್ ಫೋನ್‌ಗಳಲ್ಲಿ, ಎಂಟಕ್ಕೆ ಎಂಟರಲ್ಲೂ, ‘ಸರ್ವರ್ ಸಂಪರ್ಕ ಸಾಧ್ಯವಾಗಲಿಲ್ಲ’ ಎಂದು ಬರುತ್ತದೆ. ಅದೇ ಫೋನಿನ ಕ್ರೋಮ್‌ನಲ್ಲಿ ಅದೇ ವಿಳಾಸ ತೆರೆಯುತ್ತದೆ! ಆ್ಯಪ್ ತೆಗೆದು ಮತ್ತೆ ಹಾಕಿದೆವು, ವೈಫೈ ಬಿಟ್ಟು ಡೇಟಾದಲ್ಲೂ ನೋಡಿದೆವು. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು, ಪಾಸ್‌ವರ್ಡನ್ನು ತಾವೇ ತಪ್ಪು ಒತ್ತುತ್ತಿದ್ದೇವೆ ಎಂದುಕೊಂಡು, ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಮತ್ತೆ ಮತ್ತೆ ಒತ್ತಿದರು. ನೋಡಿ ಬಹಳ ಸಂಕಟವಾಯಿತು. ದಯವಿಟ್ಟು ದಾರಿ ತೋರಿಸಿ.

ಸರ್ವರ್_ಮನೆ, ಜಯನಗರ

ಮೇಡಂ, ಮೊದಲು ಆ ಹಿರಿಯರಿಗೆ ತಪ್ಪು ಅವರದಲ್ಲ ಎಂದು ಹೇಳಿಬಿಡಿ. ಪಾಸ್‌ವರ್ಡ್ ತಪ್ಪಿದ್ದರೆ ಆ್ಯಪ್ ಬೇರೆ ಮಾತು ಹೇಳುತ್ತಿತ್ತು. ಇಲ್ಲಿ ಮಾತುಕತೆ ಪಾಸ್‌ವರ್ಡ್‌ವರೆಗೂ ಹೋಗಿಲ್ಲ.

ನೀವು ಕೊಟ್ಟ ವಿವರದಲ್ಲೇ ಸುಳಿವಿದೆ. ಕಂಪ್ಯೂಟರ್, ಐಫೋನ್, ಕ್ರೋಮ್ ಮೂರೂ ತೆರೆಯುತ್ತವೆ, ಆಂಡ್ರಾಯ್ಡ್ ಆ್ಯಪ್ ಒಂದೇ ನಿರಾಕರಿಸುತ್ತದೆ ಎಂದರೆ ಮೊದಲ ಅನುಮಾನ ಪ್ರಮಾಣಪತ್ರದ ಸರಪಳಿಯ ಮೇಲೆ. ನಿಮ್ಮ ಸರ್ವರ್ ತನ್ನ ಗುರುತಿನ ಪತ್ರವನ್ನು ತೋರಿಸುವಾಗ, ಆ ಪತ್ರಕ್ಕೆ ಸಹಿ ಹಾಕಿದವರ ಪತ್ರವನ್ನೂ ಜೊತೆಗೆ ಕೊಡಬೇಕು. ಆ ಮಧ್ಯದ ಹಾಳೆ ಇಲ್ಲದಿದ್ದರೆ ಕ್ರೋಮ್ ಮತ್ತು ಐಫೋನ್ ತಾವೇ ಹುಡುಕಿ ತಂದುಕೊಳ್ಳುತ್ತವೆ. ಆಂಡ್ರಾಯ್ಡ್ ಆ್ಯಪ್‌ಗಳು ಸಾಮಾನ್ಯವಾಗಿ ಹಾಗೆ ಹುಡುಕುವುದಿಲ್ಲ, ಬಾಗಿಲು ಹಾಕಿಬಿಡುತ್ತವೆ. ಆದ್ದರಿಂದಲೇ ಹಾಕಿಕೊಟ್ಟವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿ ಸರಿಯಿದೆ ಎಂದು ಹೇಳಿರುತ್ತಾರೆ.

ಸರ್ವರ್ ನೋಡಿಕೊಳ್ಳುವವರಿಗೆ ಹೀಗೆ ಹೇಳಿ: ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಎಸ್_ಕ್ಲೈಂಟ್ ಆದೇಶದಿಂದ ವಿಳಾಸವನ್ನು ಪರೀಕ್ಷಿಸಲಿ. ಕೊನೆಯಲ್ಲಿ ಪರಿಶೀಲನೆಯ ಸಂಕೇತ 0 ಬಂದರೆ ನನ್ನ ಊಹೆ ತಪ್ಪು, 21 ಬಂದರೆ ಮಧ್ಯದ ಹಾಳೆ ಇಲ್ಲ. ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಅದನ್ನು ಸರ್ಟ್‌ಬಾಟ್ ಎಂಬ ತಂತ್ರಾಂಶದ ಮೂಲಕ ಪಡೆದಿದ್ದರೆ ನಾಲ್ಕು ಕಡತಗಳಿರುತ್ತವೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ‘ಸರ್ಟ್’ ಕಡತದ ಬದಲು, ಮಧ್ಯದ ಹಾಳೆಯೂ ಇರುವ ‘ಫುಲ್‌ಚೈನ್’ ಕಡತದ ದಾರಿ ಕೊಟ್ಟು ರೀಲೋಡ್ ಮಾಡಬೇಕು, ಅಷ್ಟೇ. ಫೋನ್‌ಗಳನ್ನು ಮುಟ್ಟಬೇಕಾಗಿಲ್ಲ.

ಪ್ರಮಾಣಪತ್ರವನ್ನು ಪರಿಶೀಲಿಸದೆ ಬಿಡುವ ಆಯ್ಕೆ ಕೆಲವು ಆ್ಯಪ್‌ಗಳಲ್ಲಿ ಇರುತ್ತದೆ. ಎಷ್ಟೇ ಅವಸರವಿದ್ದರೂ ಅದನ್ನು ಒತ್ತಬೇಡಿ. ನಿಮ್ಮ ಗ್ರಾಹಕರ ವಿಳಾಸ, ಫೋನ್ ನಂಬರು ಎಲ್ಲವೂ ಅದೇ ದಾರಿಯಲ್ಲಿ ಹೋಗುತ್ತವೆ.

ಕಾವೇರಿ_ಕೊಡ

ಸರ್, 21 ಬಂತು! ಕಡತದ ದಾರಿ ಬದಲಿಸಿದ ಮೇಲೆ ಏಳು ಫೋನ್‌ಗಳು ಒಂದೇ ಸಲಕ್ಕೆ ಒಳಗೆ ಹೋದವು. ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಉಳಿದಿರುವುದು ಒಂದೇ, ಆಂಡ್ರಾಯ್ಡ್ 7.0 ಇರುವ ಹಳೆಯ ಫೋನ್. ಅದು ಇನ್ನೂ ಹಟ ಹಿಡಿದಿದೆ.

ಇನ್ನೊಂದು ತೊಂದರೆಯೂ ಕಾಣಿಸಿಕೊಂಡಿದೆ. ಹೊಸ ಕಾಲ್ ಹಾಕಿದರೆ ನಾಲ್ವರಿಗೆ ತಕ್ಷಣ ಸೂಚನೆ ಬರುತ್ತದೆ, ಮೂವರಿಗೆ ಆ್ಯಪ್ ತೆರೆದಾಗ ಮಾತ್ರ ಕಾಣುತ್ತದೆ. ನಿನ್ನೆ ಬನಶಂಕರಿಯ ಮನೆಯವರು ಮಧ್ಯಾಹ್ನದವರೆಗೆ ಕಾದರು.

ಸರ್ವರ್_ಮನೆ

ಹಳೆಯ ಫೋನಿನ ಕಾರಣ ಬೇರೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಪ್ರಮಾಣಪತ್ರ, ಅಂದರೆ ಸರಪಳಿಯ ಕೊನೆಯಲ್ಲಿ ಫೋನ್ ನಂಬಬೇಕಾದ ಪತ್ರ, ಆಂಡ್ರಾಯ್ಡ್ 7.1.1ರಿಂದ ಈಚಿನ ಫೋನ್‌ಗಳಲ್ಲಿ ಮಾತ್ರ ಇದೆ. ಅದಕ್ಕೂ ಹಿಂದಿನವುಗಳಿಗೆ 2024ರವರೆಗೆ ಬೇರೊಂದು ಸಹಿಯ ಆಸರೆ ಇತ್ತು, ಈಗ ಇಲ್ಲ. ಫೈರ್‌ಫಾಕ್ಸ್ ತಾನು ನಂಬುವ ಪತ್ರಗಳ ಪಟ್ಟಿಯನ್ನು ತಾನೇ ಹೊತ್ತು ತರುವುದರಿಂದ, ಆ ಫೋನಿನಲ್ಲಿ ಅದು ಮೊದಲೇ ಇದ್ದರೆ ಸದ್ಯಕ್ಕೆ ಅದರಲ್ಲಿ ತೆರೆದು ನೋಡಬಹುದು. ಭದ್ರತಾ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಗ್ರಾಹಕರ ಮಾಹಿತಿ ಇಡುವುದು ನನಗೆ ಒಪ್ಪಿಗೆಯಿಲ್ಲ, ಹೊಸ ಫೋನ್ ಕೊಡಿಸಿ. ಅದರ ಖರ್ಚು ಅಂಗಡಿಯದಾಗಲಿ, ಟೆಕ್ನಿಷಿಯನ್‌ನದಲ್ಲ.

ಸೂಚನೆಯ ವಿಷಯದಲ್ಲಿ ಆ ಮೂರು ಫೋನ್‌ಗಳನ್ನು ಕೈಗೆ ತೆಗೆದುಕೊಂಡು ನೋಡಿ. ಆಂಡ್ರಾಯ್ಡ್ 13ರಿಂದ ಸೂಚನೆ ತೋರಿಸಲು ಆ್ಯಪ್ ಅನುಮತಿ ಕೇಳಬೇಕು. ಮೊದಲ ದಿನ ಬೇಡ ಎಂದು ಒತ್ತಿದ್ದರೆ ಅಲ್ಲಿಗೆ ಮುಗಿಯಿತು, ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು. ಅನುಮತಿ ಇದ್ದೂ ಬರದಿದ್ದರೆ ಬ್ಯಾಟರಿಯ ಕಡೆ ನೋಡಿ. ಫೋನ್ ಸುಮ್ಮನೆ ಬಿದ್ದಿರುವಾಗ ಆ್ಯಪ್‌ಗಳನ್ನು ಮಲಗಿಸುವ ಡೋಜ್ ವ್ಯವಸ್ಥೆ ಆಂಡ್ರಾಯ್ಡ್ 6ರಿಂದಲೇ ಇದೆ. ಕೆಲವು ತಯಾರಕರು ಅದರ ಮೇಲೆ ತಮ್ಮದೊಂದು ಕಟ್ಟುನಿಟ್ಟನ್ನೂ ಸೇರಿಸಿರುತ್ತಾರೆ. ಆ್ಯಪ್‌ನ ಬ್ಯಾಟರಿ ಬಳಕೆಗೆ ನಿರ್ಬಂಧ ಬೇಡ ಎಂದು ಇಡಿ. ‘ಆಟೊಸ್ಟಾರ್ಟ್’ ಎಂಬ ಆಯ್ಕೆ ಇದ್ದರೆ ಅದನ್ನೂ ಚಾಲೂ ಮಾಡಿ. ಡೇಟಾ ಸೇವರ್‌ನಿಂದಲೂ ಇದನ್ನು ಹೊರಗಿಡಿ.

ಪರೀಕ್ಷೆಯನ್ನು ಮೇಜಿನ ಮೇಲೆ ಪರದೆ ಬೆಳಗುತ್ತಿರುವಾಗ ಮಾಡಬೇಡಿ. ಚಾರ್ಜರ್ ತೆಗೆದು, ಫೋನ್ ಲಾಕ್ ಮಾಡಿ, ಒಂದೆರಡು ಗಂಟೆ ಮುಟ್ಟದೆ ಬಿಟ್ಟು ಆಮೇಲೆ ಕಾಲ್ ಹಾಕಿ.

ಫೀಲ್ಡ್_ಡೈರಿ, ಮಾರತ್ತಹಳ್ಳಿ

ನಾನು ಬೇರೆ ಸಂಸ್ಥೆಯ ಟೆಕ್ನಿಷಿಯನ್. ನಮಗೂ ಹೀಗೆಯೇ ಆ್ಯಪ್ ಕೊಟ್ಟರು, ಮೂರು ತಿಂಗಳಲ್ಲಿ ಯಾರೂ ಬಳಸದಂತಾಯಿತು. ಮೇಡಂ, ನಿಮ್ಮಲ್ಲಿ ಹಾಗಾಗಬಾರದು ಎಂದು ಬರೆಯುತ್ತಿದ್ದೇನೆ.

ಕಾಲ್ ಮುಗಿಸುವ ಫಾರ್ಮ್‌ನಲ್ಲಿ ನಮಗೆ ಹದಿನಾಲ್ಕು ಕಾಲಂ ಇಟ್ಟಿದ್ದರು, ಎಲ್ಲವೂ ಕಡ್ಡಾಯ. ಮೆಂಬ್ರೇನ್ ಬದಲಿಸಿದ ಒದ್ದೆ ಕೈಯಲ್ಲಿ, ಅಡುಗೆಮನೆಯಲ್ಲಿ ಮನೆಯವರು ಒಗ್ಗರಣೆಗೆ ಕಾಯುತ್ತಿರುವಾಗ, ಹದಿನಾಲ್ಕು ಕಾಲಂ ತುಂಬಲು ಸಾಧ್ಯವಿಲ್ಲ. ಒಳಬರುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶಗಳ ಪ್ರಮಾಣ), ಹೊರಬರುವ ನೀರಿನ ಟಿಡಿಎಸ್, ಬದಲಿಸಿದ ಭಾಗ, ಪಡೆದ ಹಣ, ಒಂದು ಫೋಟೊ. ಇಷ್ಟು ಸಾಕು.

ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಘಟಕದ ಮುಂದೆ ಕುಳಿತು ಎಲ್ಲ ತುಂಬಿ ‘ಸೇವ್’ ಒತ್ತಿದೆ. ಸಿಗ್ನಲ್ ಇರಲಿಲ್ಲ. ಚಕ್ರ ತಿರುಗಿ ತಿರುಗಿ ಫಾರ್ಮ್ ಖಾಲಿಯಾಯಿತು. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ಒಂದು ಕಾಲ್ ತುಂಬಿ ನೋಡಿ. ಬರೆದದ್ದು ಉಳಿದು, ಸಿಗ್ನಲ್ ಬಂದ ಮೇಲೆ ತಾನಾಗಿ ಹೋಗಬೇಕು.

ಲೊಕೇಶನ್ ವಿಷಯ ಬಹಳ ಮುಖ್ಯ. ‘ಎಲ್ಲ ಸಮಯದಲ್ಲೂ’ ಎಂಬ ಅನುಮತಿಯನ್ನು ಕೇಳಬೇಡಿ. ಫೋನ್ ನಮ್ಮದು, ಭಾನುವಾರ ನಾವು ಎಲ್ಲಿದ್ದೇವೆ ಎಂಬುದು ಕಚೇರಿಗೆ ಬೇಕಾಗಿಲ್ಲ. ‘ಆ್ಯಪ್ ಬಳಸುವಾಗ ಮಾತ್ರ’ ಎಂದಿದ್ದರೆ ಗ್ರಾಹಕರ ಬಾಗಿಲಲ್ಲಿ ಹಾಜರಿ ಒತ್ತಲು ಧಾರಾಳವಾಗಿ ಸಾಕು.

ಸರ್ವರ್_ಮನೆ

ಇವರ ಮಾತು ಅಕ್ಷರಶಃ ಸರಿ. ಜೊತೆಗೆ ಎರಡು ಕೆಲಸ. ಎಂಟು ಜನರಿಗೆ ಎಂಟು ಲಾಗಿನ್ ಕೊಡಿ, ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಂಡರೆ ಯಾರು ಏನು ಬದಲಿಸಿದರು ಎಂದು ಎಂದಿಗೂ ತಿಳಿಯುವುದಿಲ್ಲ. ಟೆಕ್ನಿಷಿಯನ್ ಪಾತ್ರಕ್ಕೆ ತನ್ನ ಕಾಲ್‌ಗಳು ಮಾತ್ರ ಕಾಣಲಿ, ಗ್ರಾಹಕರ ಪಟ್ಟಿಯನ್ನು ಇಳಿಸಿಕೊಳ್ಳುವ ಅನುಮತಿ ಬೇಡ. ಮತ್ತೆ, ಆ ಪ್ರಮಾಣಪತ್ರದ ಅವಧಿ 90 ದಿನ. ತಾನಾಗಿ ನವೀಕರಣವಾಗುತ್ತದೆಯೇ, ಆದ ಮೇಲೆ ಎಂಜಿನ್‌ಎಕ್ಸ್ ರೀಲೋಡ್ ಆಗುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಕಾವೇರಿ_ಕೊಡ

ಹತ್ತು ದಿನವಾಯಿತು, ವಿಷಯ ತಿಳಿಸುತ್ತಿದ್ದೇನೆ. ಮೂರರಲ್ಲಿ ಒಂದು ಫೋನಿಗೆ ಸೂಚನೆಯ ಅನುಮತಿ ಇರಲಿಲ್ಲ, ಎರಡರಲ್ಲಿ ಆಟೊಸ್ಟಾರ್ಟ್ ಬಂದ್ ಆಗಿತ್ತು. ಈಗ ಮೂರಕ್ಕೂ ಬರುತ್ತಿದೆ. ನಮ್ಮ ಫಾರ್ಮ್‌ನಲ್ಲಿ ಹನ್ನೊಂದು ಕಾಲಂ ಇತ್ತು, ಐದಕ್ಕೆ ಇಳಿಸಿದ್ದೇನೆ. ಏರೋಪ್ಲೇನ್ ಮೋಡ್‌ನಲ್ಲಿ ಬರೆದದ್ದು ಉಳಿಯುತ್ತದೆ, ಆದರೆ ಫೋಟೊ ಮಾತ್ರ ಸಿಗ್ನಲ್ ಇರುವಲ್ಲಿ ಮತ್ತೆ ಹಾಕಬೇಕು. ಅದನ್ನು ಎಲ್ಲರಿಗೂ ಹೇಳಿದ್ದೇನೆ. ಲೊಕೇಶನ್ ಬಗ್ಗೆ ಅಣ್ಣನಿಗೆ ಫೀಲ್ಡ್_ಡೈರಿಯವರ ಮಾತನ್ನೇ ಓದಿ ಹೇಳಿದೆ, ಅವನು ಒಪ್ಪಿದ. ಹಳೆಯ ಫೋನಿನವರಿಗೆ ಅಂಗಡಿಯಿಂದಲೇ ಹೊಸದು ಬಂದಿದೆ.

ಇಂದು ಬೆಳಿಗ್ಗೆ ನಮ್ಮ ಹಿರಿಯರು ವಿಜಯನಗರದ ಮನೆಯೊಂದರಿಂದ ಕಾಲ್ ಮುಗಿಸಿದರು. ಟಿಡಿಎಸ್ ಒಳಗೆ 612, ಹೊರಗೆ 44, ಕಾರ್ಬನ್ ಫಿಲ್ಟರ್ ಬದಲಿ. ಕೆಳಗಿನ ಟಿಪ್ಪಣಿಯಲ್ಲಿ, ನಾನು ಕೇಳದಿದ್ದರೂ, ‘ಅಜ್ಜಿಗೆ ಬೆಲ್ ಕೇಳಿಸುವುದಿಲ್ಲ, ಮುಂದಿನ ಸಲ ಹೋಗುವವರು ಕಿಟಕಿಯ ಹತ್ತಿರ ಕರೆಯಿರಿ’ ಎಂದು ಬರೆದಿದ್ದರು.